ಕ್ಯಾರವಾನ್‌ಗೆ ಡಿಶ್: ಮೊದಲು ಕಂಬ ನೆಟ್ಟಗಿರಲಿ

ಕ್ಯಾರವಾನ್ ಎಂಬ ವಾಸದ ಗಾಡಿಯಲ್ಲಿ ಒಂದೇ ಕಡೆ ನಾಲ್ಕು ದಿನ ನಿಲ್ಲುವವರಾದರೆ ಚಾವಣಿಯ ಟಿವಿ ಡಿಶ್ ಬಿಟ್ಟು, ಮೂರು ಕಾಲಿನ ಸ್ಟ್ಯಾಂಡ್‌ ಮೇಲೆ 60 ಸೆಂ.ಮೀ. ಡಿಶ್ ತಗೊಳ್ಳಿ. ಡಿಶ್ ಮುಟ್ಟುವ ಮೊದಲು ಸ್ಟ್ಯಾಂಡಿನ ಕಂಬಕ್ಕೆ ರಸಮಟ್ಟ ಹಿಡಿದು, ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ ನೆಟ್ಟಗೆ ಮಾಡಿ. ಕಂಬ ವಾಲಿದ್ದರೆ ಡಿಶ್ ಹಿಂದಿನ ಡಿಗ್ರಿ ಗುರುತುಗಳೆಲ್ಲ ಸುಳ್ಳು. ನೆಟ್ಟಗಿದ್ದರೆ ಉಪಗ್ರಹದ ಎತ್ತರದ ಕೋನವನ್ನು ಆ ಗುರುತಿನಲ್ಲಿ ಒಮ್ಮೆ ಇಟ್ಟು, ಎಡಬಲ ಮಾತ್ರ ಹುಡುಕಿದರೆ ಸಾಕು. ಬೆರಳಗಲ ತಿರುಗಿಸಿ, ಮೂರ್ನಾಲ್ಕು ಸೆಕೆಂಡ್ ಕಾಯಿರಿ, ಮತ್ತೆ ತಿರುಗಿಸಿ. ನೋಡಬೇಕಾದ್ದು ಟಿವಿಯ ಸಿಗ್ನಲ್ ಪುಟದ ‘ಕ್ವಾಲಿಟಿ’ ಪಟ್ಟಿ. ‘ಸ್ಟ್ರೆಂತ್’ ಪಟ್ಟಿ ಉಪಗ್ರಹ ಸಿಗದಿದ್ದರೂ ಮೇಲೇರಿ ಮೋಸ ಮಾಡುತ್ತದೆ. ದಿಕ್ಸೂಚಿಯನ್ನು ಗಾಡಿಯಿಂದ ನಾಲ್ಕೈದು ಮೀಟರ್ ದೂರದಲ್ಲಿ ಹಿಡಿಯಿರಿ, ಕಬ್ಬಿಣದ ಚಾಸಿ ಮುಳ್ಳನ್ನು ಎಳೆಯುತ್ತದೆ. ಎಲ್ಲ ಸರಿಯಾದ ಮೇಲೆ ಕಂಬದ ನಡುವಿಗೆ 10 ಲೀಟರ್ ನೀರಿನ ಕ್ಯಾನ್ ನೇತುಹಾಕಿ, ಇಲ್ಲದಿದ್ದರೆ ಒಂದೇ ಗಾಳಿಗೆ ಪಟ್ಟ ಪಾಡೆಲ್ಲ ವ್ಯರ್ಥ.

ಮರದ ಎಲೆ ಅಡ್ಡ ಬಂದರೆ ಈ ಉಪಾಯ ನಡೆಯದು, ಒದ್ದೆ ಎಲೆಯಾದರಂತೂ ಕೇಳಲೇಬೇಡಿ. ಎಲ್‌ಎನ್‌ಬಿ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಭಾಗ) ಕೆಳಗಡೆ ಇರುವ ಆಫ್‌ಸೆಟ್ ಡಿಶ್ ತನ್ನ ಮುಖ ತೋರಿಸುವುದಕ್ಕಿಂತ ಸುಮಾರು 20–25 ಡಿಗ್ರಿ ಮೇಲಕ್ಕೆ ನೋಡುತ್ತಿರುತ್ತದೆ. ಅಡ್ಡ ಬರುವುದನ್ನು ಅಷ್ಟು ಮೇಲೆ ಹುಡುಕಿ. ಉತ್ತರ-ದಕ್ಷಿಣವಾಗಿ ನೂರಿನ್ನೂರು ಕಿ.ಮೀ. ಸರಿದರೆ ಕೋನ ಒಂದೆರಡು ಡಿಗ್ರಿ ಬದಲಾಗುತ್ತದೆ, ಮತ್ತೆ ಇಡಬೇಕು. ದಿನವೂ ಊರು ಬದಲಿಸುವವರಿಗೆ ತಾನೇ ಹುಡುಕಿಕೊಳ್ಳುವ ಚಾವಣಿ ಡಿಶ್ಶೇ ಸರಿ, ದುಬಾರಿಯಾದರೂ.