ಓಲ್ಡ್ ಸೇರಂ ಸದಸ್ಯರ ಪಟ್ಟಿ: ಕೊನೆಗೂ ಕೊಂಡಿ ಕೂಡಿತು

ಓಲ್ಡ್ ಸೇರಂ ಇಂಗ್ಲೆಂಡಿನ ಒಂದು ಹಳೆಯ ಸಂಸತ್ ಕ್ಷೇತ್ರ. 1832ರವರೆಗೆ ಅಲ್ಲಿಂದ ಇಬ್ಬರು ಸದಸ್ಯರು ಕೆಳಮನೆಯಾದ ಕಾಮನ್ಸ್ ಸಭೆಗೆ ಹೋಗುತ್ತಿದ್ದರು. ಯಾರ ನಂತರ ಯಾರು ಬಂದರು ಅಂತ ಅವರ ಪಟ್ಟಿ ಮಾಡುತ್ತಿದ್ದೆ. ಅರ್ಲ್‌ನಂಥ ಪದವಿಯವರು ಕೂರುವುದು ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ, ಅದಕ್ಕೇ ಒಂದು ತಕರಾರು ಬಂತು. "ಅರ್ಲ್ ಆಗಿದ್ದವನು ಕಾಮನ್ಸ್ ಸಭೆಯಲ್ಲಿ ಹೇಗೆ ಕೂರ್ತಾನೆ? ನಿಮ್ಮ ಪಟ್ಟಿನೇ ತಪ್ಪು ಸರ್" ಎಂದು ಮೈಸೂರು ಯುದ್ಧಗಳ ಬಗ್ಗೆ ಓದುವ ಗೆಳೆಯರು ಹೇಳಿದ್ದರು. ಪಟ್ಟಿ ಸರಿಯಾಗಿಯೇ ಇತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದ ವೆಲ್ಲೆಸ್ಲಿ 1796ರಿಂದ 97ರವರೆಗೆ ಓಲ್ಡ್ ಸೇರಂ ಸದಸ್ಯ. ಆಗ ಅವರು ಅರ್ಲ್ ಆಫ್ ಮಾರ್ನಿಂಗ್ಟನ್. ಅದು ಐರ್ಲೆಂಡಿನ ಪದವಿ, ಅದಿದ್ದವರು ಕಾಮನ್ಸ್‌ನಲ್ಲಿ ಕೂರಬಹುದಿತ್ತು.

ಮೊದಲು ನಾನೂ ಎಲ್ಲರಂತೆ ಚುನಾವಣೆಯ ಇಸವಿ ಹಿಡಿದು ಎಕ್ಸೆಲ್ ತುಂಬಿಸಿದೆ. ಕೆಲಸಕ್ಕೆ ಬರಲಿಲ್ಲ. ಸಾಮಾನ್ಯ ಚುನಾವಣೆಗಳ ನಡುವೆ ಬಂದುಹೋದವರೆಲ್ಲ ಕಾಣೆ. ಮೂವರು ಥಾಮಸ್ ಪಿಟ್‌ಗಳು ಒಬ್ಬರೊಳಗೊಬ್ಬರು ಸೇರಿಕೊಂಡರು. ಇದರ ಮೇಲೆ ಒಂದು ವಂಶಾವಳಿ ಜಾಲತಾಣಕ್ಕೆ ವರ್ಷದ ಚಂದಾ ಕಟ್ಟಿದೆ, ಒಂಬತ್ತೋ ಹತ್ತೋ ಸಾವಿರ ರೂಪಾಯಿ. ಅಲ್ಲಿ ಸಿಕ್ಕಿದ್ದು ಬೇರೆಯವರು ನಕಲು ಮಾಡಿದ ಅದೇ ಗೊಂದಲ. ಉಯಿಲುಗಳ ಪ್ರತಿಗೆ ಇನ್ನೊಂದು ನಾಲ್ಕೈದು ಸಾವಿರ ಹೋಯಿತು. ಆ ದುಡ್ಡಿನ ಬಗ್ಗೆ ಬೇಸರವಿಲ್ಲ.

ಆಮೇಲೆ ಕ್ರಮ ಬದಲಾಯಿಸಿದೆ. ಎರಡು ಸೀಟಿಗೆ ಎರಡು ಕಾಲಂ. ಯಾರು ಗೆದ್ದರು ಅಂತ ಬರೆಯುವ ಮೊದಲು ಸೀಟು ಯಾಕೆ ಖಾಲಿಯಾಯಿತು ಅಂತ ಬರೆಯುವುದು. ಪಹಣಿಯಲ್ಲಿ ಖಾತೆ ಬದಲಾದದ್ದನ್ನು ಹಿಂದಕ್ಕೆ ಹುಡುಕಿಕೊಂಡು ಹೋಗುತ್ತೇವಲ್ಲ, ಹಾಗೆ. ಇಲ್ಲಿ ಕ್ಷೇತ್ರವೇ ಆಸ್ತಿ ಅಲ್ವಾ! ಮದ್ರಾಸಿನ ಗವರ್ನರ್ ಆಗಿ, ದೊಡ್ಡ ವಜ್ರ ಕೊಂಡು ಫ್ರಾನ್ಸಿಗೆ ಮಾರಿದ ಥಾಮಸ್ ಪಿಟ್ ಈ ಕ್ಷೇತ್ರವನ್ನು 1690ರ ದಶಕದ ಮೊದಲಲ್ಲೇ ಕೊಂಡಿದ್ದರು. 1802ರಲ್ಲಿ ಅದು ಲಾರ್ಡ್ ಕ್ಯಾಲೆಡನ್ ಕೈಗೆ ಹೋಯಿತು, ಸುಮಾರು 60,000 ಪೌಂಡಿಗೆ ಎನ್ನುತ್ತಾರೆ. ಮಾಲೀಕ ಯಾರೆಂದು ತಿಳಿದರೆ ಸದಸ್ಯರ ಹೆಸರಿನ ಅರ್ಧ ಕೆಲಸ ಮುಗಿದ ಹಾಗೆ.

ಹೀಗೆ ಮಾಡಿದ ಮೇಲೆ ಕೊಂಡಿಗಳು ತಾವಾಗಿ ಕೂಡಿದವು. 1734ರಲ್ಲಿ ಥಾಮಸ್ ಪಿಟ್ (ವಜ್ರದ ಪಿಟ್ಟರ ಮೊಮ್ಮಗ) ಎರಡು ಕಡೆ ಗೆದ್ದು ಓಕ್‌ಹ್ಯಾಂಪ್ಟನ್ ಇಟ್ಟುಕೊಂಡರು. ಖಾಲಿಯಾದ ಸೇರಂ ಸೀಟಿಗೆ ಅವರ ತಮ್ಮ ವಿಲಿಯಂ ಪಿಟ್ ಬಂದರು, 1735ರ ಫೆಬ್ರವರಿಯಲ್ಲಿ. ಹಳೆ ಕಾಗದಗಳ ಲೆಕ್ಕದಲ್ಲಿ ಅದು ಇನ್ನೂ 1734! ಆಗ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1752ಕ್ಕಿಂತ ಹಿಂದಿನ, ಜನವರಿ 1ರಿಂದ ಮಾರ್ಚ್ 24ರವರೆಗಿನ ಪ್ರತಿ ತಾರೀಖಿಗೂ ಎರಡು ಇಸವಿ ಬರೆದಿಡಿ. ಮೂರನೇ ಥಾಮಸ್ 1784ರಲ್ಲಿ ಲಾರ್ಡ್ ಕ್ಯಾಮೆಲ್‌ಫೋರ್ಡ್ ಆದರು. ಅದೇ ವರ್ಷ ಜಾರ್ಜ್ ಹಾರ್ಡಿಂಜ್ ಬಂದು 1802ರವರೆಗೆ ಕೂತರು. ಇನ್ನೊಂದು ಕಾಲಂನಲ್ಲಿ ವೆಲ್ಲೆಸ್ಲಿ, ಚಾರ್ಲ್ಸ್ ವಿಲಿಯಮ್ಸ್ ವಿನ್, ಸರ್ ಜಾರ್ಜ್ ಯಂಗ್, 1801ರಲ್ಲಿ ಹಾರ್ನ್ ಟೂಕ್. ಟೂಕ್ ಪಾದ್ರಿಯಾಗಿದ್ದವರು. ಅವರು ಗೆದ್ದ ಮೇಲೆಯೇ ಪಾದ್ರಿಗಳನ್ನು ಕಾಮನ್ಸ್‌ನಿಂದ ದೂರವಿಡುವ ಕಾಯಿದೆ ಬಂತು. ಮನೆಗಳೇ ಇಲ್ಲದ ಒಂದು ಗುಡ್ಡದಿಂದ ದೇಶದ ಕಾಯಿದೆ ಬದಲಾಯಿತು. ನನಗೆ ಈ ಕೆಲಸದಲ್ಲಿ ಸಿಕ್ಕ ದೊಡ್ಡ ಖುಷಿ ಇದೇ.

1734ರಿಂದ 1832ರವರೆಗೆ ಎರಡೂ ಕಾಲಂ ಎಲ್ಲೂ ಕಡಿಯದೆ ಬಂದಿವೆ. ಮೈಸೂರಿನಲ್ಲಿ ಕೂತು ಇದನ್ನು ಮಾಡಿದೆ ಅಂತ ಹೆಮ್ಮೆಯಿಂದಲೇ ಹೇಳುತ್ತೇನೆ. ಒಂದೇ ಹೆಸರಿನವರನ್ನು ಬೇರೆ ಮಾಡಲು ಉಯಿಲಿನಲ್ಲಿ ಏನು ನೋಡಬೇಕು ಅನ್ನೋದನ್ನು ಮಾತ್ರ ಈಗ ಬಿಟ್ಟುಕೊಡುವುದಿಲ್ಲ. 1734ಕ್ಕಿಂತ ಹಿಂದಿನ ಕೆಲಸ ಇನ್ನೂ ಬಾಕಿ ಇದೆ.

ನಡುವೆ ಸಫಕ್‌ನ ಐ ಎಂಬ ಪುಟ್ಟ ಕ್ಷೇತ್ರದ ಮೇಲೂ ಇದೇ ಕ್ರಮ ಪ್ರಯೋಗಿಸಿದೆ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದ ಕಾರ್ನ್‌ವಾಲಿಸ್ 1760ರಲ್ಲಿ ಅಲ್ಲಿಯ ಸದಸ್ಯ. 1762ರಲ್ಲಿ ಸೀಟು ಖಾಲಿ. ಕಾರಣ ಹುಡುಕಲು ಒಂದು ಸಂಜೆಯೂ ಬೇಕಾಗಲಿಲ್ಲ: ತಂದೆ ತೀರಿಕೊಂಡು ಇವರು ಅರ್ಲ್ ಆದರು. ಇವರದ್ದು ಐರ್ಲೆಂಡಿನ ಪದವಿ ಅಲ್ಲ, ಹಾಗಾಗಿ ನೇರ ಲಾರ್ಡ್ಸ್ ಸಭೆಗೆ.