ಸ್ಮ್ಯಾಶ್, ಸರ್ವ್, ಥ್ರೋ: ರೆಕ್ಕೆಮೂಳೆಯ ಸ್ನಾಯುಗಳನ್ನು ಬಲಪಡಿಸುವುದು ಹೇಗೆ?

ಬ್ಯಾಡ್ಮಿಂಟನ್, ವಾಲಿಬಾಲ್, ಟೆನಿಸ್, ಜಾವೆಲಿನ್, ಈಜು ಹೀಗೆ ಕೈಯನ್ನು ತಲೆಯ ಮೇಲಕ್ಕೆತ್ತಿ ಆಡುವವರಿಗೆ ಭುಜದ ನೋವು ಹೊಸದಲ್ಲ. ನೋವು ಬಂದಾಗ ಅವರು ಮಾಡುವುದನ್ನೂ ನೋಡುತ್ತಲೇ ಬಂದಿದ್ದೇನೆ. ಭುಜಕ್ಕೆ ಸ್ಪ್ರೇ ಹೊಡೆದುಕೊಳ್ಳುತ್ತಾರೆ, ನೋವು ತುಸು ತಗ್ಗಿದರೆ ಜಿಮ್‌ಗೆ ಹೋಗಿ ಭಾರದ ಡಂಬೆಲ್ ಎತ್ತುತ್ತಾರೆ. ನೋವಿರುವುದು ಭುಜದ ಮುಂಭಾಗದಲ್ಲಿ. ಕೆಲಸ ಕೆಟ್ಟಿರುವುದು ಎಷ್ಟೋ ಸಲ ಹಿಂದೆ, ಬೆನ್ನಿನ ಮೇಲ್ಭಾಗದ ಚಪ್ಪಟೆ ಮೂಳೆಯಲ್ಲಿ, ಫಿಸಿಯೋಗಳು ಸ್ಕ್ಯಾಪುಲಾ ಎನ್ನುವ ರೆಕ್ಕೆಮೂಳೆಯಲ್ಲಿ.

ತೋಳು ಪೂರ್ತಿ ಮೇಲೇಳುವ 180 ಡಿಗ್ರಿಯಲ್ಲಿ ಸುಮಾರು 120 ಭುಜದ ಕೀಲಿನ ಪಾಲು. ಉಳಿದ 60 ಸಿಗುವುದು ರೆಕ್ಕೆಮೂಳೆ ಪಕ್ಕೆಲುಬುಗಳ ಮೇಲೆ ಜಾರಿ ತಿರುಗಿದಾಗ. ಈ ಮೂಳೆಯನ್ನು ಎದೆಗೂಡಿಗೆ ಸೇರಿಸುವ ಎಲುಬಿನ ಕೊಂಡಿ ಕಾಲರ್ ಮೂಳೆ ಒಂದೇ, ಮಿಕ್ಕಿದ್ದೆಲ್ಲ ಸ್ನಾಯುಗಳ ಹಿಡಿತ. ಅದರಲ್ಲೂ ಎರಡು ಸ್ನಾಯು ಮುಖ್ಯ. ಪಕ್ಕೆಲುಬಿನಿಂದ ಹೊರಟ ಸೆರೇಟಸ್ ಆಂಟೀರಿಯರ್ ಮೂಳೆಯ ಕೆಳತುದಿಯನ್ನು ಹೊರಕ್ಕೆ, ಮುಂದಕ್ಕೆ ಎಳೆಯುತ್ತದೆ. ಬೆನ್ನುಮೂಳೆಯಿಂದ ಹೊರಟ ಲೋವರ್ ಟ್ರೆಪೀಜಿಯಸ್ ಅದರ ಒಳಬದಿಯನ್ನು ಕೆಳಕ್ಕೆ ಎಳೆದು ಹಿಡಿಯುತ್ತದೆ. ಇವು ಸೋತರೆ ಕತ್ತಿನ ಪಕ್ಕದ ಅಪ್ಪರ್ ಟ್ರೆಪೀಜಿಯಸ್ ಇಡೀ ಕೆಲಸವನ್ನು ಮೈಮೇಲೆ ಹಾಕಿಕೊಳ್ಳುತ್ತದೆ. ಆಗ ಭುಜ ಕಿವಿಯತ್ತ ಏರುತ್ತದೆ, ರೆಕ್ಕೆಮೂಳೆ ಮುಂದಕ್ಕೆ ವಾಲುತ್ತದೆ, ಪ್ರತಿ ಹೊಡೆತದ ಹೊರೆ ಭುಜದ ಕೀಲನ್ನು ಸುತ್ತುವರಿದ ಸಣ್ಣ ಸ್ನಾಯುಗಳ ಗುಂಪಾದ ರೊಟೇಟರ್ ಕಫ್‌ನ ಮೇಲೆ ಬೀಳುತ್ತದೆ.

ಹಂತ 1: ನೋಡಿಸಿಕೊಳ್ಳಿ. ಬೆನ್ನು ಕಾಣುವಂತೆ ನಿಂತು, ಎರಡೂ ಕೈಯಲ್ಲಿ ಒಂದು ಕೆ.ಜಿ. ಆಸುಪಾಸಿನ ತೂಕ ಹಿಡಿದು, ತೋಳುಗಳನ್ನು ಮುಂದಿನಿಂದ ನಿಧಾನವಾಗಿ ಐದು ಸಲ ಎತ್ತಿ ಇಳಿಸಿ. ಹಿಂದಿನಿಂದ ಯಾರಾದರೂ ವಿಡಿಯೊ ಮಾಡಲಿ. ಎತ್ತುವಾಗಿನದಕ್ಕಿಂತ ಇಳಿಸುವಾಗ ಹೆಚ್ಚು ಗಮನ ಕೊಡಿ, ದೋಷ ಬಯಲಾಗುವುದು ಅಲ್ಲೇ. ಮೂಳೆಯ ಒಳಅಂಚು ಎದ್ದು ಕಾಣುತ್ತದೆಯೇ? ಒಂದು ಬದಿ ತಟ್ಟನೆ ಕುಸಿಯುತ್ತದೆಯೇ? ನೋವಿದ್ದರೆ ಇನ್ನೊಂದು ಪರೀಕ್ಷೆ ಇದೆ: ತೋಳೆತ್ತುವಾಗ ಜೊತೆಯವರು ಮೂಳೆಯ ಕೆಳತುದಿಯನ್ನು ಅಂಗೈಯಿಂದ ಹೊರಕ್ಕೂ ಮೇಲಕ್ಕೂ ಮೆಲ್ಲಗೆ ತಳ್ಳಲಿ. ನೋವು ತಗ್ಗಿದರೆ ಈ ವ್ಯಾಯಾಮಗಳಿಂದ ಪ್ರಯೋಜನ ಸಿಗುವ ಸಾಧ್ಯತೆ ಚೆನ್ನಾಗಿದೆ. ಆಡುವ ಕೈಯ ಕಡೆ ಅಲ್ಪಸ್ವಲ್ಪ ವ್ಯತ್ಯಾಸ ನೋವಿಲ್ಲದ ಆಟಗಾರರಲ್ಲೂ ಇರುತ್ತದೆ, ಅಷ್ಟಕ್ಕೇ ಗಾಬರಿ ಬೇಡ.

ಹಂತ 2: ಎದೆ ಸಡಿಲಿಸಿ. ಮುಂಗೈಯನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ಮುಂದಕ್ಕೆ ವಾಲಿ 30 ಸೆಕೆಂಡು, ಮೂರು ಸಲ. ಸಾಕು.

ಹಂತ 3: ಸೆರೇಟಸ್‌ಗೆ ಗೋಡೆ ಪುಷ್‌ಅಪ್. ಮಾಮೂಲಿ ಪುಷ್‌ಅಪ್ ಮುಗಿಯುವಲ್ಲಿ ಇದು ಶುರು. ಮೊಣಕೈ ನೇರವಾದ ಮೇಲೂ ಗೋಡೆಯನ್ನು ಇನ್ನಷ್ಟು ತಳ್ಳಿ, ಎರಡು ರೆಕ್ಕೆಮೂಳೆಗಳ ನಡುವಿನ ಜಾಗ ತುಂಬಿಕೊಳ್ಳುವವರೆಗೆ. ಆ ಕೊನೆಯ ತಳ್ಳುವಿಕೆ ಬಿಟ್ಟರೆ ಇದರ ಮುಖ್ಯ ಉದ್ದೇಶವೇ ತಪ್ಪುತ್ತದೆ. ಸುಲಭವಾದ ಮೇಲೆ ಮೇಜಿಗೆ, ಆಮೇಲೆ ನೆಲಕ್ಕೆ ಇಳಿಯಿರಿ.

ಹಂತ 4: ಲೋವರ್ ಟ್ರೆಪೀಜಿಯಸ್. ಹೆಚ್ಚಿನವರು ಕೆಡಿಸುವುದು ಇಲ್ಲಿ, ಹಾಗಾಗಿ ಅವಸರ ಬೇಡ.

ಬೆಂಚಿನ ಮೇಲೆ ಬೋರಲು ಮಲಗಿ. ಹಣೆಯ ಕೆಳಗೆ ಮಡಿಸಿದ ಟವೆಲ್ ಇರಲಿ, ಇಲ್ಲದಿದ್ದರೆ ಕತ್ತು ಮೇಲೇಳುತ್ತದೆ. ಒಂದು ತೋಳು ಬೆಂಚಿನ ಪಕ್ಕಕ್ಕೆ ಇಳಿಬಿಟ್ಟಿರಲಿ. ಕೈಯಲ್ಲಿ ಏನೂ ಬೇಡ. ಹೆಬ್ಬೆರಳು ಮೇಲೆ ಛಾವಣಿಯತ್ತ ಬರುವಂತೆ ತಿರುಗಿಸಿಕೊಂಡು ತೋಳನ್ನು ತಲೆಯ ಕಡೆಗೆ ಓರೆಯಾಗಿ ಎತ್ತಬೇಕು. ಎರಡೂ ತೋಳು ಎತ್ತಿದರೆ ಇಂಗ್ಲಿಷ್‌ನ ವೈ ಅಕ್ಷರ ಮೂಡುವಷ್ಟು ಓರೆ, ಏಕೆಂದರೆ ಸ್ನಾಯುವಿನ ಎಳೆಗಳು ಅದೇ ಓರೆಯಲ್ಲಿ ಸಾಗುತ್ತವೆ.

ಆದರೆ ಎತ್ತುವ ಮೊದಲು ಇನ್ನೊಂದು ಕೈಯ ಬೆರಳುಗಳನ್ನು ಕತ್ತು ಮತ್ತು ಭುಜದ ನಡುವಿನ ಮಾಂಸದ ಮೇಲಿಡಿ. ರೆಕ್ಕೆಮೂಳೆಯನ್ನು ಬೆನ್ನುಮೂಳೆಯ ಕಡೆಗೆ ಓರೆಯಾಗಿ ಕೆಳಕ್ಕೆ ತುಸುವೇ ಜಾರಿಸಿ, ಆಮೇಲೆ ತೋಳು ಹೊರಡಲಿ. ಮೊದಲ ಅಂಗುಲದಲ್ಲೇ ಬೆರಳ ಕೆಳಗಿನ ಮಾಂಸ ಕಲ್ಲಾದರೆ ಅಪ್ಪರ್ ಟ್ರೆಪೀಜಿಯಸ್ ಮುನ್ನುಗ್ಗಿದೆ ಎಂದರ್ಥ. ಇಳಿಸಿ, ಮತ್ತೆ ಶುರುಮಾಡಿ. ಅಲ್ಲಿ ಒಂದಿಷ್ಟು ಬಿಗಿತ ಸಹಜ, ಬಿಗಿತ ಮೊದಲು ಅಲ್ಲಿಂದ ಹುಟ್ಟಬಾರದು. ತೋಳು ಕಿವಿಯ ಮಟ್ಟಕ್ಕೆ ಬಂದರೆ ಸಾಕು. ಇನ್ನೂ ಮೇಲೆತ್ತಲು ಹೋದರೆ ಸೊಂಟ ಬಾಗುತ್ತದೆ. ಮೇಲೆ ಎರಡು ಸೆಕೆಂಡು ನಿಲ್ಲಿಸಿ, ನಾಲ್ಕು ಎಣಿಸುತ್ತಾ ಇಳಿಸಿ. ರೆಕ್ಕೆಮೂಳೆಯ ಕೆಳತುದಿಯ ಒಳಮಗ್ಗುಲಲ್ಲಿ ದಣಿವು ಗೊತ್ತಾದರೆ ನೀವು ಸರಿಯಾಗಿ ಮಾಡಿದ್ದೀರಿ.

ಆಗುವುದೇ ಇಲ್ಲವೆನ್ನುವವರು ಒಂದು ಮೆಟ್ಟಿಲು ಕೆಳಗಿಳಿಯಿರಿ. ಪಕ್ಕಕ್ಕೆ ಮಲಗಿ, ಮೇಲಿನ ತೋಳಿನ ಮೊಣಕೈಯನ್ನು 90 ಡಿಗ್ರಿ ಮಡಿಸಿ, ಮೊಣಕೈ ಮತ್ತು ಪಕ್ಕೆಯ ನಡುವೆ ಟವೆಲ್ ಇಟ್ಟು ಮುಂಗೈಯನ್ನು ಹೊರಕ್ಕೆ ತಿರುಗಿಸಿ. ಅಪ್ಪರ್ ಟ್ರೆಪೀಜಿಯಸ್ ತೀರಾ ಕಡಿಮೆ ದುಡಿಯುವ ವ್ಯಾಯಾಮಗಳಲ್ಲಿ ಇದೂ ಒಂದು. ಇದು ಕೈಗೆ ಹತ್ತಿದ ಮೇಲೆ ವೈಗೆ ಬನ್ನಿ.

ತೂಕದ ಆಸೆ ಬೇಡ. ಹದ ಕೆಡದೆ 15 ಸಲ, ಮೂರು ಸೆಟ್ ಆಗುವವರೆಗೆ ಬರಿಗೈ, ಆಮೇಲೆ ಅರ್ಧ ಕೆ.ಜಿ. ಐದು ಕೆ.ಜಿ. ಎತ್ತಿ ತೋರಿಸುವವರು ಸಾಮಾನ್ಯವಾಗಿ ಬೀಸಿ ಎತ್ತುತ್ತಾರೆ. ಭುಜವನ್ನು ಹಿಂದಕ್ಕೆ ಕಟ್ಟಿಹಾಕುವ ಬೆಲ್ಟ್‌ಗಳನ್ನು ಕೊಳ್ಳಲೇಬೇಡಿ. ಸ್ನಾಯು ದುಡಿಯದೆ ಬಲ ಬರುವುದಿಲ್ಲ. ‘ಎದೆಯುಬ್ಬಿಸಿ ರೆಕ್ಕೆಗಳನ್ನು ಸದಾ ಹಿಂದಕ್ಕೆ ಒತ್ತಿಹಿಡಿ’ ಎಂಬ ಸಲಹೆಯನ್ನೂ ಕೈಬಿಡಿ. ತೋಳು ಮೇಲೇಳಬೇಕಾದರೆ ರೆಕ್ಕೆಮೂಳೆ ತಿರುಗಲೇಬೇಕು, ಬಿಗಿಹಿಡಿದರೆ ದಾರಿಗೆ ಅಡ್ಡ.

ಹಂತ 5: ಕಾಲಿನಿಂದ ಜೋಡಿಸಿ. ಟೆನಿಸ್ ಸರ್ವ್‌ನ ಶಕ್ತಿಯಲ್ಲಿ ಅರ್ಧದಷ್ಟು ಕಾಲು, ಸೊಂಟದಿಂದ ಬರುತ್ತದೆ. ಎಳೆಯುವ ಕೈಗೆ ವಿರುದ್ಧ ಬದಿಯ ಕಾಲನ್ನು ಮುಂದಿಟ್ಟು, ಮೈ ತಿರುಗಿಸುತ್ತಾ ವ್ಯಾಯಾಮದ ರಬ್ಬರ್ ಬ್ಯಾಂಡ್ ಎಳೆಯಿರಿ. ತೆಳು ಬ್ಯಾಂಡೇ ಇರಲಿ.

ವಾರಕ್ಕೆ ಮೂರು ದಿನ, ಅಭ್ಯಾಸ ಮುಗಿದ ಮೇಲೆ. ದಣಿದ ಸ್ನಾಯು ರೆಕ್ಕೆಮೂಳೆಯನ್ನು ಹಿಡಿಯದ ಕಾರಣ ಪಂದ್ಯಕ್ಕೆ ಮುಂಚೆ ಖಂಡಿತ ಬೇಡ. ಆರರಿಂದ ಹನ್ನೆರಡು ವಾರ ಕೊಡಿ, ಅಲ್ಲಿಯವರೆಗೆ ಸ್ಮ್ಯಾಶ್‌ಗಳ ಸಂಖ್ಯೆ ತಗ್ಗಿಸಿ. ರಾತ್ರಿ ನಿದ್ದೆಗೆಡಿಸುವ ನೋವು, ಕೈಯಲ್ಲಿ ಜೋಮು, ತೋಳೆತ್ತಲು ಆಗದಿರುವುದು, ಪೆಟ್ಟಿನ ನಂತರ ಮೂಳೆ ರೆಕ್ಕೆಯಂತೆ ಹೊರಚಾಚಿ ನಿಲ್ಲುವುದು, ಇವುಗಳಲ್ಲಿ ಯಾವುದಿದ್ದರೂ ವ್ಯಾಯಾಮ ನಿಲ್ಲಿಸಿ ಮೂಳೆ ತಜ್ಞರ ಬಳಿ ಹೋಗಿ. ಸೆರೇಟಸ್‌ಗೆ ಹೋಗುವ ಉದ್ದನೆಯ ನರಕ್ಕೆ ಪೆಟ್ಟು ಬಿದ್ದಾಗಲೂ ಮೂಳೆ ಹಾಗೆ ಹೊರಚಾಚುತ್ತದೆ.