ಸಿ4ರಿಂದ ಶುರುವಾದ ಒಂದು ಆಟ

ಚದುರಂಗದಲ್ಲಿ ಹತ್ತು ವರ್ಷ ನಾನು ಇ4, ಅಂದರೆ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳುವುದು, ಬಿಟ್ಟು ಬೇರೆ ಮೊದಲ ನಡೆ ಆಡಿದವನಲ್ಲ. (ಅಕ್ಷರ ಮಣೆಯ ಉದ್ದ ಸಾಲು, ಅಂಕಿ ಅಡ್ಡ ಸಾಲು.) ಈಗಿನ ಮಕ್ಕಳು ಅದಕ್ಕೆ ಉತ್ತರವಾದ ಸಿಸಿಲಿಯನ್ ರಕ್ಷಣೆಯ ಹದಿನೈದು ನಡೆಗಳನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಎಂಟನೆಯದಕ್ಕೇ ನನ್ನ ಕಣ್ಣು ಗಡಿಯಾರದ ಕಡೆ ಹೊರಳುತ್ತಿತ್ತು. ಬೇಸತ್ತು ಸಿ4ಕ್ಕೆ, ಅಂದರೆ ಇಂಗ್ಲಿಷ್ ಓಪನಿಂಗ್ ಎಂಬ ಆರಂಭಕ್ಕೆ ಬಂದೆ. ಇಂಗ್ಲೆಂಡಿನ ಆಟಗಾರ ಸ್ಟಾಂಟನ್ 1843ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸಿನ ಸೇಂಟ್ ಅಮಾಂಟ್ ವಿರುದ್ಧ ಅದನ್ನು ಆಡಿದ್ದರಿಂದ ಆ ಹೆಸರು. ಅಂಚಿನಿಂದ ಶುರು ಮಾಡಿದರೆ ನಡುವಿನ ಜಗಳ ನನ್ನದಲ್ಲ ಎಂದುಕೊಂಡಿದ್ದೆ. ಸಾಲಾಗಿ ಮೂರು ಆಟ ಸೋತೆ. ಮೂರರಲ್ಲೂ ಎದುರಾಳಿ ಆರಾಮವಾಗಿ ಡಿ5 ತಳ್ಳಿ ಅಲ್ಲೇ ಬಿಡಾರ ಹೂಡಿದ್ದ.

ನಾಲ್ಕನೆಯದು ಒಂದು ರೇಟಿಂಗ್ ಟೂರ್ನಿಯಲ್ಲಿ, ಹನ್ನೆರಡರ ಹುಡುಗನೊಂದಿಗೆ. ಸಿ4, ಇ5. ಇಬ್ಬರೂ ಕುದುರೆಗಳನ್ನು ಸಿ ಸಾಲಿಗೆ ತಂದೆವು. ನನ್ನ ಒಂಟೆ ಜಿ2ಕ್ಕೆ, ಅವನದು ಜಿ7ಕ್ಕೆ. ಇಬ್ಬರೂ ಡಿ ಕಾಲಾಳನ್ನು ಒಂದೊಂದು ಮನೆ ಸರಿಸಿದೆವು. ನಾನು ಆನೆಯನ್ನು ಬಿ1ಕ್ಕೆ ತಂದಾಗ ಅವನು ಇನ್ನೊಂದು ಒಂಟೆಯನ್ನು ಇ6ರಲ್ಲಿಟ್ಟ. ಬಿ4 ತಳ್ಳಿದೆ, ಅವನ ಮಂತ್ರಿ ಡಿ7ಕ್ಕೆ ಬಂತು. ಒಂಟೆಯನ್ನು ಎಚ್3ಕ್ಕೆ ನುಗ್ಗಿಸುವ ಆಸೆ ಅವನ ಮುಖದಲ್ಲೇ ಕಾಣುತ್ತಿತ್ತು.

ಎಂಟನೇ ನಡೆ, ಬಿ5. ಸಿ6ರ ಕುದುರೆ ಏಳಲೇಬೇಕು. ಅಲ್ಲಿಯವರೆಗೆ ಜಿ2ರ ನನ್ನ ಒಂಟೆಗೆ ಅಡ್ಡ ನಿಂತಿದ್ದದ್ದು ಅದೊಂದೇ. ಸಿ8ರ ಒಂಟೆ ಆಗಲೇ ಮನೆ ಬಿಟ್ಟಿದ್ದರಿಂದ ಬಿ7ರ ಕಾಲಾಳಿಗೆ ಕಾವಲಿರಲಿಲ್ಲ. ಹುಡುಗ ಕುದುರೆಯನ್ನು ಎತ್ತಿದ, ಬಿ7ನ್ನು ಕಾಯಬಲ್ಲ ಡಿ8ರ ಮೇಲೆ ಒಂದು ಕ್ಷಣ ಹಿಡಿದ. ಮಂತ್ರಿಯ ಹಿಂದೆ ಅಡಗುವುದು ಅವಮಾನ ಎನ್ನಿಸಿತೋ ಏನೋ, ಇ7ರಲ್ಲಿಟ್ಟು ಗಡಿಯಾರ ಒತ್ತಿದ. ನನಗೆ ನಂಬಿಕೆ ಬರಲಿಲ್ಲ. ಮೋಸವಿದೆಯೇ ಎಂದು ಹನ್ನೊಂದು ನಿಮಿಷ ಹುಡುಕಿ, ಕೊನೆಗೆ ಒಂಟೆಯಿಂದ ಬಿ7 ಹೊಡೆದೆ. ಅವನ ಆನೆ ಬಿ8ಕ್ಕೆ ಸರಿಯಿತು, ನನ್ನ ಒಂಟೆ ಬಂದ ದಾರಿಯಲ್ಲೇ ಜಿ2ಕ್ಕೆ ಮರಳಿತು. ಒಂದು ಕಾಲಾಳು ಲಾಭ.

ಉಳಿದದ್ದು ಬರೀ ತಾಳ್ಮೆಯ ಕೆಲಸ. ಎ7ರ ಒಂಟಿ ಕಾಲಾಳು ನಾಲಿಗೆಗೆ ನೀರು ತರಿಸುತ್ತಿದ್ದರೂ ಮೊದಲು ರಾಜನಿಗೆ ಕೋಟೆ ಕಟ್ಟಿದೆ. ಕಾಯಿಗಳನ್ನು ಒಂದೊಂದಾಗಿ ಬದಲಿಸಿಕೊಂಡು, ಎ ಮತ್ತು ಬಿ ಕಾಲಾಳುಗಳನ್ನು ಜೊತೆಯಾಗಿ ನಡೆಸಿದೆ. ಐವತ್ತೆರಡನೇ ನಡೆಗೆ ಅವನು ಸೋಲೊಪ್ಪಿ ಕೈ ಚಾಚಿದ.

ನಡೆ ಬರೆದ ಹಾಳೆಗಳಿಗೆ ಸಹಿ ಹಾಕಿದ ಮೇಲೆ ಹುಡುಗ ಸುಮ್ಮನೆ ಏಳಲಿಲ್ಲ. ಎಂಟನೇ ನಡೆಯವರೆಗಿನ ಕಾಯಿಗಳನ್ನು ಸರಸರನೆ ಜೋಡಿಸಿ, ಕುದುರೆಯನ್ನು ಡಿ8ರಲ್ಲಿಟ್ಟು ಕೇಳಿದ: "ಅಂಕಲ್, ಈಗ ಏನು ಆಡುತ್ತೀರಿ?"

ನನ್ನ ಬಳಿ ಉತ್ತರವಿರಲಿಲ್ಲ.